ಆಪರೇಷನ್ ಟೇಬಲ್ ಮೇಲೆ ಮಲಗಿಸೋ ಭಂಗಿಯಿಂದ ಆಗೋ ಗಾಯ, ಜೋಮು, ಬೆಡ್ ಸೋರ್: ಪದೇ ಪದೇ ಕೇಳೋ ಪ್ರಶ್ನೆಗಳು

ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯಿಂದ ಆಪರೇಷನ್ನಿಗೆ ಬರೋರು, ಅವರ ಮನೆಯವರು, ಆಮೇಲೆ ಓಟಿಗೆ (ಆಪರೇಷನ್ ಥಿಯೇಟರಿಗೆ) ಹೊಸದಾಗಿ ಸೇರಿರೋ ನರ್ಸಿಂಗ್ ಮಕ್ಕಳು ಕೇಳೋ ಪ್ರಶ್ನೆಗಳಿವು. ಎರಡೂ ಕಡೆಯವರದ್ದು ಒಟ್ಟಿಗೇ ಹಾಕಿದೀನಿ, ಯಾಕಂದ್ರೆ ಉತ್ತರ ಹೆಚ್ಚುಕಮ್ಮಿ ಒಂದೇ. ನಾನು ಓಟಿ ನರ್ಸು, ಡಾಕ್ಟರಲ್ಲ. ನಿಮ್ಮ ಮೈಗೆ ಯಾವುದು ಸರಿ ಅನ್ನೋದನ್ನ ನಿಮ್ಮ ಸರ್ಜನ್ನು, ಅನಸ್ತೇಶಿಯಾ (ಮತ್ತು ಬರಿಸೋ) ಡಾಕ್ಟ್ರೇ ಹೇಳಬೇಕು.

ಆಪರೇಷನ್ ಮಾಡಿದ್ದು ಹೊಟ್ಟೆಗೆ, ಈಗ ಕಿರುಬೆರಳು ಜೋಮು ಹಿಡಿದಿದೆ ಅಂತಾರೆ ನಮ್ಮಪ್ಪ, ಹೆಂಗೆ ಸಾಧ್ಯ?

ಸಾಧ್ಯ. ಮೊಣಕೈ ಒಳಗಡೆ ಮೂಳೆ ಪಕ್ಕ ಒಂದು ನರ ಚರ್ಮದ ಕೆಳಗೇ ಹಾದುಹೋಗುತ್ತೆ, ಬಾಗಿಲಿಗೆ ತಗಲಿದ್ರೆ ಕರೆಂಟ್ ಹೊಡೆದಂಗೆ ಆಗುತ್ತಲ್ಲ ಅದೇ, ಅಲ್ನರ್ ನರ ಅಂತಾರೆ. ಅದರ ಮೇಲೆ ಗಂಟೆಗಟ್ಟಲೆ ಒತ್ತಡ ಬಿದ್ರೆ ಕಿರುಬೆರಳು, ಅದರ ಪಕ್ಕದ ಬೆರಳು ಮರಗಟ್ಟುತ್ತೆ. ಅನಸ್ತೇಶಿಯಾದಲ್ಲಿ ನರಕ್ಕೆ ಏಟಾಯ್ತು ಅಂತ ಅಮೆರಿಕದಲ್ಲಿ ಹಾಕಿದ ಪರಿಹಾರದ ಕೇಸುಗಳನ್ನ 1999ರಲ್ಲಿ ಒಟ್ಟು ಹಾಕಿ ನೋಡಿದಾಗ ಶೇಕಡ 28ರಷ್ಟು ಇದೇ ನರದ್ದಾಗಿತ್ತು, ಶೇಕಡ 20 ಹೆಗಲಿಂದ ಕೈಗೆ ಬರೋ ನರಗಳ ಗೊಂಚಲಿನದ್ದು.

ಇನ್ನೊಂದು ವಿಷಯ, ಇದು ಸುಮಾರು ಜನಕ್ಕೆ ಓಟಿಯಿಂದ ಬಂದ ತಕ್ಷಣ ಗೊತ್ತಾಗಲ್ಲ, ಎರಡು ಮೂರು ದಿನ ಆದ್ಮೇಲೆ ಶುರುವಾಗುತ್ತೆ. ಆಪರೇಷನ್ನೇ ಆಗದೆ ಸುಮ್ನೆ ಅಡ್ಮಿಟ್ ಆಗಿ ಮಲಗಿದ್ದೋರಿಗೂ ಬಂದಿರೋದುಂಟು. ಹಾಗಾಗಿ "ಓಟಿಯವರೇ ಕೈ ಒತ್ತಿಬಿಟ್ರು" ಅಂತ ಒಂದೇ ಸಲ ತೀರ್ಮಾನ ಮಾಡೋಕಾಗಲ್ಲ, ಹಾಗಂತ ಅವರ ಕಡೆಯಿಂದ ಆಗಿಲ್ಲ ಅಂತಾನೂ ಹೇಳೋಕಾಗಲ್ಲ. ಮೊದಲು ಹೇಳಿ, ಬರೆಸಿ, ಆಮೇಲೆ ಮಿಕ್ಕಿದ್ದು.

ಮನೇಲಿ ರಾತ್ರಿ ಎಂಟು ಗಂಟೆ ಮಲಗ್ತೀವಿ ಏನೂ ಆಗಲ್ಲ, ಅಲ್ಲಿ ಎರಡು ಗಂಟೇಲಿ ಯಾಕಾಗುತ್ತೆ?

ಮನೇಲಿ ನೀವು ಸುಮ್ನೆ ಮಲಗಿರಲ್ಲ. ನಿದ್ದೇಲೂ ಹೊರಳ್ತೀರಿ, ಬಸ್ಸಲ್ಲಿ ತಲೆ ಕೆಳಗೆ ಕೈ ಇಟ್ಕೊಂಡು ತೂಕಡಿಸಿದ್ರೂ ಜೋಮು ಬಂದ ತಕ್ಷಣ ಎಚ್ಚರಾಗಿ ಕೈ ಒದರ್ತೀರಿ. ಅನಸ್ತೇಶಿಯಾ ಕೊಟ್ಟ ಮೇಲೆ ಆ ಎಚ್ಚರ ಇಲ್ಲ, ಸ್ನಾಯು ಸಡಿಲ ಮಾಡೋ ಔಷಧ ಬೇರೆ ಕೊಟ್ಟಿರ್ತಾರೆ, ಎಚ್ಚರ ಇದ್ದಾಗ ಒಂದು ಮಟ್ಟಕ್ಕೆ ಹೋಗಿ ನಿಲ್ಲೋ ಹೆಗಲು ಆಗ ಅದಕ್ಕಿಂತ ಆಚೆಗೂ ಬಗ್ಗಿಬಿಡುತ್ತೆ. ಜೊತೆಗೆ ಬಿಪಿ ಇಳಿದಿರುತ್ತೆ, ಮೈ ತಣ್ಣಗಾಗಿರುತ್ತೆ, ಒತ್ತಿದ ಜಾಗಕ್ಕೆ ರಕ್ತ ಹೋಗೋದು ಇನ್ನೂ ಕಮ್ಮಿ.

ರಿಸ್ಕ್ ಯಾರಿಗೆ ಜಾಸ್ತಿ? ದಪ್ಪ ಇರೋರಿಗಾ?

ದಪ್ಪ ಇರೋರಿಗೂ ಹೌದು, ಆದ್ರೆ ನಮ್ಮ ಕಡೆ ನಾನು ಜಾಸ್ತಿ ಹೆದರೋದು ತೆಳ್ಳಗಿರೋರಿಗೆ. ತೋಟದ ಕೆಲಸಕ್ಕೆ ಹೋಗೋ ಅಜ್ಜಿ ಮೂವತ್ತೈದು ನಲವತ್ತು ಕೆಜಿ ಇರ್ತಾರೆ, ಸೊಂಟದ ಹಿಂದೆ ಮೂಳೆ ಎದ್ದು ಕಾಣ್ತಿರುತ್ತೆ, ಹಿಮ್ಮಡಿ ಮೇಲೆ ಮಾಂಸಾನೇ ಇಲ್ಲ, ಟೇಬಲ್ಲಿಗೂ ಮೂಳೆಗೂ ಮಧ್ಯ ಇರೋದು ಬರೀ ಚರ್ಮ.

ಮಿಕ್ಕಂತೆ ವಯಸ್ಸು, ಶುಗರ್ (ಅದರಲ್ಲೂ ಕಾಲು ಉರಿ, ಪಾದ ಮರಗಟ್ಟಿರೋದು ಮೊದಲೇ ಇದ್ರೆ), ಕಾಲಿನ ರಕ್ತನಾಳ ಕಟ್ಟಿಕೊಂಡಿರೋದು, ಬೀಡಿ ಸಿಗರೇಟು, ಕುಡಿತದಿಂದ ನರ ಸೊರಗಿರೋದು, ರಕ್ತ ಕಮ್ಮಿ ಇರೋದು, ಕಿಡ್ನಿ ತೊಂದರೆ, ಸ್ಟೀರಾಯ್ಡ್ ಮಾತ್ರೆ ತಗೊಳ್ಳೋರು. ಮೊಣಕೈ ನರದ ತೊಂದರೆ ಗಂಡಸರಲ್ಲಿ ಜಾಸ್ತಿ. ಗಂಟು ನೋವು ಹಳೇದಾಗಿ ಕುತ್ತಿಗೆ ಸೊಂಟ ತಿರುಗದೇ ಇರೋರು ಬೇರೇನೇ ಗುಂಪು, ಅವರಿಗೆ ಎಲ್ಲರಿಗೂ ಇಡೋ ಭಂಗಿ ಇಡೋಕಾಗಲ್ಲ.

ಇನ್ನೊಂದು ಕೇಳೋದು ಮರೀತಾರೆ: ಓಟಿಗೆ ಬರೋ ಮುಂಚೆ ಎಷ್ಟು ಹೊತ್ತು ಒಂದೇ ಕಡೆ ಮಲಗಿದ್ರು ಅಂತ. ತೊಡೆ ಮೂಳೆ ಮುರಿದ ಅಜ್ಜನ್ನ ಎರಡು ದಿನ ಮನೇಲೇ ಮಲಗಿಸಿ, ನಾಟಿ ವೈದ್ಯರ ಹತ್ರ ಪಟ್ಟಿ ಕಟ್ಟಿಸಿ, ಆಮೇಲೆ ಮೂಡಿಗೆರೆ ಆ ಕಡೆಯಿಂದ ಜೀಪಲ್ಲಿ ಮಲಗಿಸ್ಕೊಂಡು ಬರ್ತಾರೆ. ಅವರ ಬೆನ್ನ ತಳದ ಚರ್ಮ ಓಟಿ ಬಾಗಿಲು ದಾಟೋ ಮುಂಚೇನೇ ಸೋತಿರುತ್ತೆ. ಅದನ್ನ ವಾರ್ಡಲ್ಲೇ ಮಗ್ಗುಲು ಹೊರಳಿಸಿ ನೋಡಿ ಬರೆದಿರಬೇಕು, ನೋವಿದೆ ಅಂತ ಹೊರಳಿಸದೇ ಬಿಟ್ರೆ ಆಮೇಲೆ ಆ ಗಾಯ ಎಲ್ಲಿ ಶುರುವಾಯ್ತು ಅನ್ನೋದು ಯಾರಿಗೂ ಗೊತ್ತಾಗಲ್ಲ.

ಈ ರಿಸ್ಕ್ ಅಳೆಯೋಕೆ ಸ್ಕೋರ್ ಅಂತ ಏನಾದ್ರೂ ಇದೆಯಾ?

ಇದೆ, ಒಂದಲ್ಲ ಹಲವು. ವಾರ್ಡಲ್ಲಿ ಎಲ್ಲರಿಗೂ ಗೊತ್ತಿರೋದು ಬ್ರೇಡನ್ ಸ್ಕೇಲ್, ಆರು ವಿಷಯ, 6ರಿಂದ 23ರವರೆಗೆ ಅಂಕ, 18 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ರಿಸ್ಕ್. ಇಲ್ಲಿ ಅಂಕ ಕಮ್ಮಿ ಆದಷ್ಟು ರಿಸ್ಕ್ ಜಾಸ್ತಿ, ಹೊಸಬರು ಉಲ್ಟಾ ಮಾಡ್ಕೊಳ್ತಾರೆ. ಆದ್ರೆ ಅದು ಹಾಸಿಗೆ ಮೇಲಿರೋ ರೋಗಿಗೆ ಮಾಡಿದ್ದು. ಓಟಿಗೆ ನಡ್ಕೊಂಡು ಬರೋ ಗಟ್ಟಿಮುಟ್ಟಾದ ಮನುಷ್ಯನಿಗೆ ಅದರಲ್ಲಿ ಒಳ್ಳೇ ಅಂಕ ಬರುತ್ತೆ, ಅವನೇ ಐದು ಗಂಟೆ ಬೋರಲು ಮಲಗೋನು ಅನ್ನೋದು ಆ ಸ್ಕೇಲಿಗೆ ಗೊತ್ತಿಲ್ಲ.

ಅದಕ್ಕೇ ಓಟಿಗೆ ಅಂತಲೇ ಬೇರೆ ಬಂದಿವೆ. ಸ್ಕಾಟ್ ಟ್ರಿಗರ್ಸ್ ನನಗೆ ಇಷ್ಟ, ನಾಲ್ಕೇ ಪ್ರಶ್ನೆ: ವಯಸ್ಸು 62 ಅಥವಾ ಮೇಲಾ, ಆಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನ್) 3.5ಕ್ಕಿಂತ ಕಮ್ಮಿನಾ ಇಲ್ಲಾ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 19ಕ್ಕಿಂತ ಕಮ್ಮಿ ಅಥವಾ 40ಕ್ಕಿಂತ ಜಾಸ್ತಿನಾ, ಎಎಸ್‌ಎ ಗ್ರೇಡ್ (ರೋಗಿ ಆರೋಗ್ಯ ಎಷ್ಟು ಕೆಟ್ಟಿದೆ ಅಂತ ಅನಸ್ತೇಶಿಯಾದವರು ಹಾಕೋ ದರ್ಜೆ) 3 ಅಥವಾ ಮೇಲಾ, ಆಪರೇಷನ್ ಮೂರು ಗಂಟೆ ದಾಟುತ್ತಾ. ಎರಡಕ್ಕೆ ಹೌದು ಅಂದ್ರೆ ಹೈ ರಿಸ್ಕ್ ಅಂತ ಹಿಡಿದು ತಯಾರಿ ಮಾಡ್ಕೊಳ್ಳೋದು. ಮನ್ರೋ ಸ್ಕೇಲ್ ಅಂತ ಇನ್ನೊಂದು, ಆಪರೇಷನ್ ಮುಂಚೆ, ನಡೆಯೋವಾಗ, ಆದ್ಮೇಲೆ ಅಂತ ಮೂರು ಹಂತದಲ್ಲಿ ಕೂಡಿಸ್ತಾ ಹೋಗೋದು, ಚೆನ್ನಾಗಿದೆ ಆದ್ರೆ ಉದ್ದ. ಬ್ರೆಜಿಲ್ ನರ್ಸುಗಳು ಮಾಡಿದ ಎಲ್ಪೋ ಸ್ಕೇಲಲ್ಲಿ ಏಳು ವಿಷಯ (ಭಂಗಿ, ಎಷ್ಟು ಹೊತ್ತು, ಅನಸ್ತೇಶಿಯಾ ಯಾವುದು, ಕೆಳಗಿನ ಪ್ಯಾಡ್, ಕೈಕಾಲು ಇಟ್ಟಿರೋ ರೀತಿ, ಬೇರೆ ಕಾಯಿಲೆ, ವಯಸ್ಸು), 7ರಿಂದ 35, ಇಲ್ಲಿ 20 ಅಥವಾ ಅದಕ್ಕಿಂತ ಮೇಲೆ ಹೋದ್ರೆ ರಿಸ್ಕ್ ಜಾಸ್ತಿ. ಭಂಗಿಯನ್ನೇ ಲೆಕ್ಕಕ್ಕೆ ತಗೊಳ್ಳೋದು ಇದರ ಒಳ್ಳೇ ಗುಣ.

ನನ್ನ ಅಭಿಪ್ರಾಯ ಕೇಳಿದ್ರೆ ಯಾವ ಸ್ಕೇಲಾದ್ರೂ ಸರಿ, ತುಂಬೋರು ರೋಗಿ ಮುಂದೆ ನಿಂತು ತುಂಬಬೇಕು. ಕೇಸ್ ಶೀಟ್ ನೋಡ್ಕೊಂಡು ಕೌಂಟರಲ್ಲಿ ಕೂತು ತುಂಬಿದ ಸ್ಕೋರಿನಿಂದ ಯಾರ ಹಿಮ್ಮಡೀನೂ ಉಳಿಯಲ್ಲ. ಮತ್ತೆ ಈ ಸ್ಕೋರುಗಳು ಬಹುಪಾಲು ಚರ್ಮದ ಗಾಯಕ್ಕೆ, ನರದ ಗಾಯ ಇವುಗಳಲ್ಲಿ ಸಿಕ್ಕಿಬೀಳಲ್ಲ, ಅದಕ್ಕೆ ಕೇಳಬೇಕು, ಕೈ ಎತ್ತಿಸಿ ನೋಡಬೇಕು.

ಕೈ ಎತ್ತಿಸಿ ನೋಡೋದು ಅಂದ್ರೆ?

ಈ ಪೇಜಲ್ಲಿ ಒಂದೇ ಓದ್ತೀನಿ ಅನ್ನೋರು ಇದನ್ನ ಓದಿ. ಅನಸ್ತೇಶಿಯಾ ಕೊಡೋ ಮುಂಚೆ, ರೋಗಿ ಎಚ್ಚರ ಇರುವಾಗಲೇ, ಅವರನ್ನ ಯಾವ ಭಂಗೀಲಿ ಮಲಗಿಸ್ತೀವೋ ಅದೇ ಭಂಗಿ ಮಾಡಿಸಿ ನೋಡಬೇಕು. "ಅಜ್ಜಿ, ಎರಡೂ ಕೈ ಹಿಂಗೆ ಅಗಲ ಮಾಡಿ, ನೋವಾಗುತ್ತಾ?" "ಗೌಡ್ರೇ, ಬೋರಲು ಮಲಗಿ ಕತ್ತು ಬಲಕ್ಕೆ ತಿರುಗಿಸಿ, ಕೈಗೆ ಜುಮ್ ಅನ್ನುತ್ತಾ?" "ಅಕ್ಕ, ಮಂಡಿ ಮಡಚಿ ಕಾಲು ಅಗಲಿಸಿ, ಸೊಂಟ ಎಲ್ಲಿಗೆ ಹಿಡಿಯುತ್ತೆ?" ಎರಡು ನಿಮಿಷದ ಕೆಲಸ. ಎಚ್ಚರ ಇದ್ದಾಗ ಎಲ್ಲಿ ನೋವಾಗುತ್ತೋ ಮತ್ತಿನಲ್ಲಿ ಅದಕ್ಕಿಂತ ಆಚೆ ಒಯ್ಯಬಾರದು, ಅಷ್ಟೇ ಲೆಕ್ಕ. ಅಮೆರಿಕದ ಅನಸ್ತೇಶಿಯಾ ಡಾಕ್ಟರುಗಳ ಸಂಘ ನರದ ಗಾಯ ತಡೆಯೋದಕ್ಕೆ ಅಂತ 2000ದಲ್ಲಿ ಸಲಹೆ ಹೊರಡಿಸಿ 2011, 2018ರಲ್ಲಿ ತಿದ್ದಿತು, ಅದರಲ್ಲೂ ಇದಿದೆ, ರೋಗಿ ಆ ಭಂಗಿ ತಡ್ಕೊಳ್ತಾರಾ ಅಂತ ಮುಂಚೇನೇ ನೋಡಿ ಅಂತ.

ಶುಗರ್ ಇರೋರಿಗೆ ಹೆಗಲು ಹಿಡ್ಕೊಂಡಿರೋದು ನಮ್ಮ ಕಡೆ ಎಷ್ಟು ಮಾಮೂಲಿ ಅಂದ್ರೆ ಅವರೇ ಅದನ್ನ ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿರಲ್ಲ. "ಏನಾದ್ರೂ ತೊಂದರೆ ಇದೆಯಾ" ಅಂದ್ರೆ "ಏನಿಲ್ಲ ಸಿಸ್ಟರ್" ಅಂತಾರೆ. "ಜಡೆ ನೀವೇ ಹಾಕ್ಕೊಳ್ತೀರಾ, ಬೆನ್ನು ಉಜ್ಜಿಕೊಳ್ಳೋಕೆ ಕೈ ಹೋಗುತ್ತಾ" ಅಂತ ಕೇಳಿ, ಆಗ ಬರುತ್ತೆ ಕಥೆ, ಎರಡು ವರ್ಷದಿಂದ ಮಗಳೇ ಬಾಚ್ತಾಳೆ ಅಂತ.

ಅಂಗಾತ ಮಲಗಿಸೋದು ಸೇಫ್ ಅಲ್ವಾ?

ಎಲ್ಲಕ್ಕಿಂತ ಸುಲಭ, ಅದಕ್ಕೇ ಎಲ್ಲಕ್ಕಿಂತ ಉಡಾಫೆ. ತಲೆ ಹಿಂಭಾಗ, ಭುಜದ ಹಲಗೆ, ಮೊಣಕೈ, ಬೆನ್ನ ತಳ, ಹಿಮ್ಮಡಿ, ಇಷ್ಟು ಜಾಗಕ್ಕೆ ಭಾರ ಬೀಳುತ್ತೆ. ಕೈ ಅಗಲಿಸಿ ಆರ್ಮ್ ಬೋರ್ಡಿಗೆ (ಕೈ ಇಡೋ ಹಲಗೆಗೆ) ಇಟ್ರೆ 90 ಡಿಗ್ರಿ ದಾಟಬಾರದು, ಅಂಗೈ ಮೇಲ್ಮುಖ ಇರಬೇಕು, ಆಗ ಮೊಣಕೈ ನರದ ಮೇಲೆ ಒತ್ತಡ ಕಮ್ಮಿ. ಬೋರ್ಡು ಟೇಬಲ್ ಮಟ್ಟಕ್ಕೇ ಇರಬೇಕು, ಕೆಳಗೆ ಜೋತುಬಿದ್ರೆ ಹೆಗಲಿನ ನರ ಎಳೆಯುತ್ತೆ. ಮೈ ಪಕ್ಕ ಇಟ್ಟು ಸುತ್ತಿದ್ರೆ ಹೆಬ್ಬೆರಳು ಮೇಲೆ ಇರೋ ಹಾಗೆ. ತಲೆ ಒಂದು ಪಕ್ಕಕ್ಕೆ, ಕೈ ಇನ್ನೊಂದು ಪಕ್ಕಕ್ಕೆ ಎಳೆದಂಗೆ ಇರಬಾರದು. ಬಿಪಿ ಪಟ್ಟಿ ಮೊಣಕೈ ಸಂದಿಗೆ ಇಳಿದಿರಬಾರದು.

ಹಿಮ್ಮಡಿ ಕೆಳಗೆ ಪ್ಯಾಡ್ ಇಡೋದಕ್ಕಿಂತ ಹಿಮ್ಮಡೀನೇ ಎತ್ತಿಡಿ, ಮೀನಖಂಡದ ಉದ್ದಕ್ಕೂ ಭಾರ ಹರಡೋ ಹಾಗೆ, ಮಂಡಿ ಸ್ವಲ್ಪ ಬಗ್ಗಿರಲಿ, ನೆಟ್ಟಗೆ ಬಿಗಿದ್ರೆ ಮಂಡಿ ಹಿಂದಿನ ರಕ್ತನಾಳ ಒತ್ತುತ್ತೆ. ಆಮೇಲೆ ಅಸಿಸ್ಟೆಂಟು ರೋಗಿ ಎದೆ ಮೇಲೆ, ಕೈ ಮೇಲೆ ಒರಗೋದು, ಸಾಮಾನು ಇಡೋ ಟ್ರೇ ಸ್ಟ್ಯಾಂಡು ಕಾಲ್ಬೆರಳ ಮೇಲೆ ಕೂರೋದು, ಇದು ಡ್ರೇಪ್ (ಮೈ ಮುಚ್ಚೋ ಬಟ್ಟೆ) ಹಾಕಿದ ಮೇಲೆ ಯಾರಿಗೂ ಕಾಣಲ್ಲ, ಆಗಾಗ ಬಗ್ಗಿ ನೋಡೋದು ಒಂದೇ ದಾರಿ.

ಕಾಲು ಎತ್ತಿ ಸ್ಟ್ಯಾಂಡಿಗೆ ಇಡೋ ಆಪರೇಷನ್ ಆದ್ಮೇಲೆ ಪಾದ ಎತ್ತೋಕೇ ಆಗ್ತಿಲ್ಲ, ಯಾಕೆ?

ಪ್ರಾಸ್ಟೇಟ್, ಗರ್ಭಕೋಶ, ಮೂಲವ್ಯಾಧಿ ಇವಕ್ಕೆಲ್ಲ ಆ ಭಂಗಿ ಬೇಕಾಗುತ್ತೆ. ಮಂಡಿ ಹೊರಗಡೆ, ಸ್ವಲ್ಪ ಕೆಳಗೆ, ಒಂದು ಗುಂಡು ಮೂಳೆ ಕೈಗೆ ಸಿಗುತ್ತಲ್ಲ, ಅದನ್ನ ಸುತ್ತಿಕೊಂಡು ಹೋಗೋ ನರ ಕಾಲಿನ ಸ್ಟ್ಯಾಂಡಿಗೆ ಒತ್ತಿದ್ರೆ ಪಾದ ಜೋತುಬೀಳುತ್ತೆ. ಎರಡು ಗಂಟೆ ದಾಟಿದ್ರೆ, ರೋಗಿ ತೆಳ್ಳಗಿದ್ರೆ, ಇತ್ತೀಚಿನವರೆಗೂ ಬೀಡಿ ಸೇದಿದ್ರೆ ಸಾಧ್ಯತೆ ಹೆಚ್ಚು. ಬೀಡಿ ಬಿಡಿ ಅಂತ ಆಪರೇಷನ್ ಮುಂಚೆ ಹೇಳೋದು ಬರೀ ಕೆಮ್ಮಿಗಲ್ಲ.

ಹೊಸಬರಿಗೆ: ಎರಡೂ ಕಾಲು ಒಟ್ಟಿಗೆ ಎತ್ತಿ, ಒಟ್ಟಿಗೆ ಇಳಿಸಿ, ಇಬ್ಬರು ಬೇಕು, ನಿಧಾನಕ್ಕೆ, ಇಳಿಸುವಾಗ ಬಿಪಿ ಬೀಳಬಹುದು ಅಂತ ಅನಸ್ತೇಶಿಯಾದವರಿಗೆ ಹೇಳೇ ಇಳಿಸಿ. ಟೇಬಲ್ಲಿನ ಕಾಲಿನ ಭಾಗ ಮತ್ತೆ ಮೇಲೆ ತರುವಾಗ ರೋಗಿ ಕೈಬೆರಳು ಸಂದೀಲಿ ಸಿಕ್ಕಿ ಜಜ್ಜಿಹೋಗೋದು ಪುಸ್ತಕದಲ್ಲಿ ಮಾತ್ರ ಇರೋ ವಿಷಯ ಅಲ್ಲ, ಬಟನ್ ಒತ್ತೋ ಮುಂಚೆ ಎರಡೂ ಕೈ ಎಲ್ಲಿದೆ ಕಣ್ಣಲ್ಲಿ ನೋಡಿ.

ನಾಲ್ಕು ಗಂಟೆ ಮೇಲೆ ಹೋಗೋ ಕೇಸಲ್ಲಿ ಇನ್ನೊಂದು ಅಪಾಯ, ಮೀನಖಂಡದೊಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತಾನೇ ಹೋಗದಂಗಾಗೋದು, ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಕಾಲು ಕಲ್ಲಿನಂಗೆ ಗಟ್ಟಿ, ಬೆರಳು ಮುಟ್ಟಿ ಬಗ್ಗಿಸಿದ್ರೂ ತಡೆಯೋಕಾಗದ ನೋವು, ಇಂಜೆಕ್ಷನ್ನಿಗೂ ಬಗ್ಗಲ್ಲ. ಇದಕ್ಕೆ ನಾಳೆ ರೌಂಡ್ಸ್‌ವರೆಗೆ ಕಾಯೋ ಹಾಗಿಲ್ಲ, ಕೆಲವೇ ಗಂಟೇಲಿ ಕಾಲೇ ಹೋಗಬಹುದು, ರಾತ್ರಿ ಎರಡಾದ್ರೂ ಸರಿ ಡಾಕ್ಟರನ್ನ ಎಬ್ಬಿಸಿ. ಉದ್ದದ ಕೇಸಲ್ಲಿ ಎರಡು ಗಂಟೆಗೊಂದ್ಸಲ ಕಾಲು ಇಳಿಸಿ ಸ್ವಲ್ಪ ಹೊತ್ತು ಬಿಡೋದು ಅದಕ್ಕೇ.

ಮರದಿಂದ ಬಿದ್ದು ಬೆನ್ನುಮೂಳೆ ಆಪರೇಷನ್, ಬೋರಲು ಮಲಗಿಸ್ತಾರಂತೆ, ಕಣ್ಣು ಹೋಗುತ್ತೆ ಅಂತ ಹೆದರಿಸಿದ್ರು, ನಿಜವಾ?

ಮೆಣಸು ಕುಯ್ಯೋ ಟೈಮಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಬೀಳೋರು, ಅಡಿಕೆ ಮರದಿಂದ ಬೀಳೋರು, ಈ ಪ್ರಶ್ನೆ ಹೆಚ್ಚಾಗಿ ಅವರ ಮನೆಯಿಂದಲೇ ಬರೋದು. ಕಣ್ಣು ಹೋಗೋದು ತುಂಬಾ ಅಪರೂಪ, ಆದ್ರೆ ಸುಳ್ಳಲ್ಲ, ಸಹಿ ಹಾಕಿಸೋವಾಗ ಡಾಕ್ಟರು ಹೇಳಿದ್ರೆ ಹೆದರಿಸ್ತಿದಾರೆ ಅಂದ್ಕೋಬೇಡಿ, ಹೇಳೋ ಡಾಕ್ಟರೇ ಒಳ್ಳೇವರು. ಇದರಲ್ಲಿ ಎರಡು ಬಗೆ. ಒಂದು, ಕಣ್ಣುಗುಡ್ಡೆ ಮೇಲೇ ತಲೆದಿಂಬಿನ ಅಂಚು ಕೂತು ರಕ್ತನಾಳ ಮುಚ್ಚಿಹೋಗೋದು, ಇದನ್ನ ಪದೇ ಪದೇ ಕಣ್ಣು ನೋಡ್ತಾ ಇದ್ರೆ ತಪ್ಪಿಸಬಹುದು. ಇನ್ನೊಂದು, ಕಣ್ಣಿಗೆ ಯಾವುದೂ ಒತ್ತದೇ ಇದ್ರೂ ದೃಷ್ಟಿ ನರಕ್ಕೆ ರಕ್ತ ಸಾಲದೇ ಆಗೋದು, ತುಂಬಾ ಹೊತ್ತು ನಡೆಯೋ, ರಕ್ತ ಜಾಸ್ತಿ ಹೋಗೋ ಆಪರೇಷನ್ನಲ್ಲಿ, ಗಂಡಸರಲ್ಲಿ, ದಪ್ಪ ಇರೋರಲ್ಲಿ ಜಾಸ್ತಿ. ಅದಕ್ಕೆ ತಲೇನ ಎದೆ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಇಡ್ತಾರೆ.

ಬೋರಲು ಮಲಗಿಸಿದಾಗ ನೋಡಬೇಕಾದ್ದು ಬೇಜಾನ್ ಇದೆ. ಹೊಟ್ಟೆ ಜೋತಾಡ್ತಾ ಫ್ರೀ ಇರಬೇಕು, ಹೊಟ್ಟೆ ಒತ್ತಿದ್ರೆ ಬೆನ್ನಿನ ಸಿರೆಗಳು ಉಬ್ಬಿ ರಕ್ತಸ್ರಾವ ಜಾಸ್ತಿ ಆಗುತ್ತೆ, ಉಸಿರಿಗೂ ಕಷ್ಟ. ಹೆಂಗಸರಿಗೆ ಎದೆ, ಗಂಡಸರಿಗೆ ಮರ್ಮಾಂಗ ಬೋಲ್ಸ್ಟರ್ (ದುಂಡು ದಿಂಬು) ಕೆಳಗೆ ಸಿಕ್ಕಿಲ್ಲ ಅಂತ ಕೈ ಹಾಕಿ ನೋಡಲೇಬೇಕು, ನಾಚಿಕೆ ಅಂತ ಬಿಡೋ ಜಾಗ ಅಲ್ಲ ಅದು. ಮೂಗು, ಗಲ್ಲ, ಸೊಂಟದ ಮುಂದಿನ ಮೂಳೆ, ಮಂಡಿ, ಕಾಲ್ಬೆರಳು. ಸೊಂಟದ ಮೂಳೆ ಹತ್ರ ಒತ್ತಿದ್ರೆ ತೊಡೆ ಹೊರಭಾಗ ಮರಗಟ್ಟುತ್ತೆ, ಅದು ಬಹುಪಾಲು ತಾನೇ ಹೋಗುತ್ತೆ. ಹೊರಳಿಸೋಕೆ ಕನಿಷ್ಠ ನಾಲ್ಕು ಜನ, ತಲೆ ಹಿಡಿದಿರೋರ ಮಾತೇ ಅಂತಿಮ.

ಮಗ್ಗುಲಾಗಿ ಮಲಗಿಸಿದ್ರೆ?

ಕೆಳಗಡೆ ಇರೋ ಕೈ, ಕೆಳಗಡೆ ಇರೋ ಕಿವಿ, ಕೆಳಗಡೆ ಇರೋ ಕಣ್ಣು, ಕೆಳಗಡೆ ಇರೋ ಮಂಡಿ. ಎದೆ ಕೆಳಗೆ ಒಂದು ಸಣ್ಣ ರೋಲ್ ಇಡ್ತಾರೆ, ಕೆಲವು ಕಡೆ ಡ್ರಿಪ್ ಬ್ಯಾಗನ್ನೇ ಬಟ್ಟೇಲಿ ಸುತ್ತಿ ಇಡೋದುಂಟು, ಅದು ಕಂಕುಳೊಳಗೆ ಅಲ್ಲ, ಕಂಕುಳಿಗಿಂತ ಸ್ವಲ್ಪ ಕೆಳಗೆ, ಒಳಗೇ ತುರುಕಿದ್ರೆ ಯಾವ ನರ ಉಳಿಸಬೇಕು ಅಂತ ಇಟ್ವೋ ಅದನ್ನೇ ಒತ್ತಿದಂಗಾಯ್ತು. ಕಾಲುಗಳ ಮಧ್ಯ ದಿಂಬು, ಕೆಳಗಿನದು ಮಡಚಿ, ಮೇಲಿನದು ನೇರ.

ಕೀಹೋಲ್ ಆಪರೇಷನ್ನಲ್ಲಿ ತಲೆ ಕೆಳಗೆ ಮಾಡ್ತಾರಂತಲ್ಲ?

ಹೌದು, ಕೆಳಹೊಟ್ಟೆ ಕೇಸಲ್ಲಿ ಕರುಳು ಮೇಲಕ್ಕೆ ಸರೀಲಿ ಅಂತ. ಜಾರದಂತೆ ತಡೆಯೋಕೆ ಹೆಗಲಿಗೆ ಕಟ್ಟೆ ಕೊಡೋ ಹಳೇ ಪದ್ಧತಿ ಈಗ ಬೇಡ ಅಂತಾರೆ, ಹೆಗಲಿನ ನರ ಎಳೆಯುತ್ತೆ, ಅದರ ಬದಲು ಜಾರದ ಮ್ಯಾಟ್ರೆಸ್. ಮುಖ ಊದಿರೋದು ನೋಡಿ ಮನೆಯವರು ಗಾಬರಿ ಆಗ್ತಾರೆ, ತುಂಬಾ ಹೊತ್ತು ತಲೆ ಕೆಳಗಿದ್ರೆ ಅದು ಆಗುತ್ತೆ, ಇಳಿಯುತ್ತೆ. ಕಣ್ಣಿನ ಒತ್ತಡದ ಕಾಯಿಲೆ, ಗ್ಲಾಕೋಮಾ ಇದ್ರೆ ಮಾತ್ರ ಮುಂಚೇನೇ ಹೇಳಿ.

ತೊಡೆ ಮೂಳೆ ಆಪರೇಷನ್ ಟೇಬಲ್ಲಿನ ಕಂಬದ ಬಗ್ಗೆ ಕೇಳೋಕೆ ಮುಜುಗರ ಆಗುತ್ತೆ...

ಮುಜುಗರ ಬೇಡ. ಮುರಿದ ಕಾಲು ಎಳೆದು ಹಿಡಿಯೋವಾಗ ಮೈ ಜಾರದಂಗೆ ತೊಡೆ ಸಂದಿಗೆ ಒಂದು ಕಂಬ ಇರುತ್ತೆ, ಅದರ ಪ್ಯಾಡ್ ಸಣ್ಣದಿದ್ರೆ ಅಥವಾ ಎಳೆತ ಜಾಸ್ತಿ ಹೊತ್ತಾದ್ರೆ ಆ ಜಾಗ ಮರಗಟ್ಟುತ್ತೆ, ಗಂಡಸರಿಗೆ ಕೆಲ ಕಾಲ ಲೈಂಗಿಕ ತೊಂದರೆಯೂ ಆಗಬಹುದು. ಹೆಚ್ಚಿನವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತೆ. ಹುಡುಗರು ಯಾರಿಗೂ ಹೇಳ್ದೇ ನರಳ್ತಾರೆ, ಡಾಕ್ಟರಿಗೆ ಹೇಳಿ.

ಸಿಸೇರಿಯನ್ನಲ್ಲಿ ಸೊಂಟದ ಕೆಳಗೆ ಏನೋ ತುರುಕಿ ಓರೆ ಮಲಗಿಸಿದ್ರು, ಯಾಕೆ?

ಅಂಗಾತ ಮಲಗಿದ್ರೆ ತುಂಬಿದ ಗರ್ಭಕೋಶ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಕೂತು ತಾಯಿ ಬಿಪಿ ಬೀಳುತ್ತೆ, ಮಗುವಿಗೂ ರಕ್ತ ಕಮ್ಮಿ. ಬಲ ಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ ಸುಮಾರು 15 ಡಿಗ್ರಿ ವಾಲಿಸೋದು ಅದಕ್ಕೆ. ಮಗು ತೆಗೆದ ಮೇಲೆ ಆ ದಿಂಬು ತೆಗೆಯೋದನ್ನ ನೆನಪಲ್ಲಿ ಇಟ್ಕೊಳ್ಳಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಎಚ್ಚರ ಇರ್ತೀವಲ್ಲ, ನೋವಾದ್ರೆ ನಾವೇ ಹೇಳಬಹುದಲ್ಲ?

ಹೆಗಲು, ಕೈ, ಕುತ್ತಿಗೆ ಬಗ್ಗೆ ಹೇಳಬಹುದು, ಹೇಳಿ, ಸುಮ್ನೆ ಇರಬೇಡಿ. "ಡಾಕ್ಟ್ರು ಕೆಲಸದಲ್ಲಿದ್ರು, ತೊಂದರೆ ಕೊಡೋದು ಯಾಕೆ ಅಂತ ಸುಮ್ನಿದ್ದೆ" ಅನ್ನೋರು ಬಹಳ ಜನ ನಮ್ಮಲ್ಲಿ. ಸೊಂಟದಿಂದ ಕೆಳಗೆ ಮಾತ್ರ ನಿಮಗೇ ಗೊತ್ತಾಗಲ್ಲ. ಮುಖ್ಯ ಏನಂದ್ರೆ ಈ ಅಪಾಯ ಓಟಿಯಲ್ಲಿ ಮುಗಿಯಲ್ಲ, ವಾರ್ಡಿಗೆ ಬಂದ ಮೇಲೂ ಕಾಲಿಗೆ ಸ್ಪರ್ಶ ಪೂರ್ತಿ ಬರೋವರೆಗೂ ಹಿಮ್ಮಡಿ ಹಾಸಿಗೆಗೆ ಒತ್ತಿಕೊಂಡೇ ಇರುತ್ತೆ. ಜೊತೇಲಿರೋರು ಕಾಲು ಆಗಾಗ ಸರಿಸಿ, ಮೀನಖಂಡದ ಕೆಳಗೆ ದಿಂಬು ಕೊಡಬಹುದಾ ಅಂತ ಸಿಸ್ಟರನ್ನ ಕೇಳಿ. ಬಿಸಿನೀರಿನ ಬಾಟಲಿ ಮಾತ್ರ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯಲ್ಲ.

ಬಳೆ, ಕಾಲುಂಗುರ, ಉಡದಾರ ತೆಗೆಯಲೇಬೇಕಾ?

ಬೇಕು. ತಾಯತ ಕಟ್ಟಿರೋ ಉಡದಾರ ಬೆನ್ನ ತಳದ ಕೆಳಗೆ ಸಿಕ್ಕಿದ್ರೆ ಆ ತಾಯತದ ಅಚ್ಚು ಹಾಗೇ ಚರ್ಮದ ಮೇಲೆ ಬೀಳುತ್ತೆ. ಬಿಗಿಯಾದ ಉಂಗುರ ಕೈ ಊದಿದಾಗ ರಕ್ತ ನಿಲ್ಲಿಸುತ್ತೆ, ಕೌಟರಿ (ಕರೆಂಟಿಂದ ಸುಟ್ಟು ರಕ್ತ ನಿಲ್ಲಿಸೋ ಉಪಕರಣ) ಹಾಕೋವಾಗ ಮೈಮೇಲೆ ಲೋಹ ಇರಬಾರದು ಅನ್ನೋದೂ ಇದೆ. ತಾಳಿ ಬಗ್ಗೆ ಜಗಳ ಮಾಡೋ ಬದಲು ಮನೇಲೇ ಅರಿಶಿನ ಕೊಂಬು ದಾರಕ್ಕೆ ಕಟ್ಟಿಕೊಂಡು ಬರ್ತಾರೆ ಎಷ್ಟೋ ಜನ, ಅದನ್ನೂ ಎಲ್ಲಿ ಇರಬೇಕು ಅಂತ ಓಟಿಯವರನ್ನ ಕೇಳಿ. ತುರುಬು, ಕ್ಲಿಪ್ಪು ಬೇಡ, ಎರಡು ಜಡೆ ಪಕ್ಕಕ್ಕೆ ಹಾಕಿದ್ರೆ ತಲೆ ಹಿಂಭಾಗಕ್ಕೆ ಒತ್ತಲ್ಲ.

ಎಷ್ಟು ಹೊತ್ತಾದ್ರೆ ಅಪಾಯ?

ಮೂರು ಗಂಟೆ ಅಂತ ಹೆಚ್ಚಿನವರು ಗೆರೆ ಹಾಕ್ತಾರೆ. ಹಳೇ ಪುಸ್ತಕದಲ್ಲಿ ಒತ್ತಡ (ಬಿಪಿ ಅಳೆಯೋ ಲೆಕ್ಕದಲ್ಲೇ, ಪಾದರಸದ) 32 ಮಿಲಿಮೀಟರ್ ದಾಟಿದ್ರೆ ಸಣ್ಣ ರಕ್ತನಾಳ ಮುಚ್ಚುತ್ತೆ ಅಂತ ಇದೆ, ಆದ್ರೆ ಬಿಪಿ ಕಮ್ಮಿ ಇರೋ ತೆಳ್ಳಗಿನ ಮುದುಕರಿಗೆ ಅಷ್ಟೂ ಬೇಕಾಗಲ್ಲ. ಗಡಿಯಾರ ಶುರು ಮಾಡೋದು ಕುಯ್ದಾಗಿನಿಂದ ಅಲ್ಲ, ಟೇಬಲ್ ಮೇಲೆ ಮಲಗಿಸಿದಾಗಿನಿಂದ. ಅನಸ್ತೇಶಿಯಾ ಕೊಟ್ಟು, ಲೈನ್ ಹಾಕಿ, ಸರ್ಜನ್ ಬರೋವರೆಗೆ ಕಾದಿದ್ದೂ ಸೇರಿಸಿ.

ಜೆಲ್ ಪ್ಯಾಡ್ ಇಲ್ಲ ನಮ್ಮಲ್ಲಿ, ಬೆಡ್‌ಶೀಟ್ ಮಡಚಿ ಇಟ್ರೆ ಸಾಲಲ್ವಾ?

ಮಡಚಿದ ಬೆಡ್‌ಶೀಟು, ಸುತ್ತಿದ ಟವೆಲ್ಲು ಭಾರ ಬಿದ್ದ ತಕ್ಷಣ ಗಟ್ಟಿಯಾಗಿಬಿಡುತ್ತೆ, ಒತ್ತಡ ಕಮ್ಮಿ ಮಾಡಲ್ಲ, ಸುಕ್ಕಿದ್ದಲ್ಲಿ ಜಾಸ್ತಿಯೇ ಮಾಡುತ್ತೆ. ಒಳ್ಳೇ ಫೋಮ್ ದುಬಾರಿಯೇನಲ್ಲ, ಮೊಣಕೈ, ಮಂಡಿ ಪಕ್ಕಕ್ಕೆ ದಪ್ಪ ಹತ್ತಿ ಸುತ್ತಿದ್ರೂ ಏನೂ ಇಲ್ಲದಕ್ಕಿಂತ ವಾಸಿ. ಜೆಲ್ ಪ್ಯಾಡ್ ಇದ್ರೂ ಅದರ ಮೇಲೆ ಮೂರು ನಾಲ್ಕು ಪದರ ಶೀಟ್ ಹಾಸಿದ್ರೆ ಪ್ಯಾಡ್ ಇಟ್ಟಿದ್ದೇ ದಂಡ. ಕೆಳಗೆ ಬೆಟಾಡಿನ್ನು, ಸ್ಪಿರಿಟ್ಟು ಹರಿದು ನಿಲ್ಲದ ಹಾಗೆ ನೋಡಿ, ಒದ್ದೆ ಚರ್ಮ ಬೇಗ ಕಿತ್ತುಬರುತ್ತೆ.

ಆಪರೇಷನ್ ಆಗಿ ಎರಡು ದಿನಕ್ಕೆ ಬೆನ್ನ ತಳ ಕಪ್ಪಾಗಿದೆ, ಕರೆಂಟ್ ಸುಟ್ಟಿದೆ ಅಂತಾರೆ.

ಸುಟ್ಟಿದ್ದೂ ಇರಬಹುದು, ಆದ್ರೆ ಕೌಟರಿ ಸುಟ್ಟಿದ್ದು ಸಾಮಾನ್ಯವಾಗಿ ಆವತ್ತೇ ಕಾಣುತ್ತೆ, ಕೌಟರಿಯ ಪ್ಲೇಟ್ ಮೈಗೆ ಅಂಟಿಸಿದ ಜಾಗದಲ್ಲಿ ಅಥವಾ ಲೋಹ ತಗಲಿದ ಜಾಗದಲ್ಲಿ. ಮೂಳೆ ಇರೋ ಕಡೆ, 48ರಿಂದ 72 ಗಂಟೆ ಆದ್ಮೇಲೆ ನೇರಳೆ ಕಪ್ಪು ಬಣ್ಣ ಬಂದ್ರೆ ಒಳಗಿನ ಮಾಂಸ ಒತ್ತಡಕ್ಕೆ ನಲುಗಿರೋ ಸಾಧ್ಯತೆ ಹೆಚ್ಚು, ಮೇಲೆ ಚರ್ಮ ಚೆನ್ನಾಗೇ ಇರುತ್ತೆ, ಒಳಗೆ ಕೊಳೆತಿರುತ್ತೆ. ವಾರ್ಡಿನವರು "ನಮ್ಮ ಹಾಸಿಗೇಲಿ ಆಗಿದ್ದು" ಅಂದ್ಕೊಳ್ತಾರೆ, ಬೇರು ಓಟಿಯಲ್ಲಿರುತ್ತೆ.

ನಮ್ಮ ಜನರ ಕಪ್ಪು ಚರ್ಮದಲ್ಲಿ ಕೆಂಪಾಗಿದ್ದು ಕಾಣಲ್ಲ. ಕೈಯಿಂದ ಮುಟ್ಟಿ, ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮೆತ್ತಗೆ ನೀರು ತುಂಬಿದಂಗಿದೆಯಾ ನೋಡಿ. ಬೆಳ್ಳಗಿರೋರಲ್ಲಿ ಬೆರಳಿಂದ ಒತ್ತಿ ಬಿಟ್ರೆ ಬಿಳಿಚಿಕೊಳ್ಳದ ಕೆಂಪು ಮೊದಲನೇ ಹಂತ. ಎಣ್ಣೆ ಹಾಕಿ ಉಜ್ಜಬೇಡಿ, ಅದು ಇನ್ನೂ ಹಾಳು ಮಾಡುತ್ತೆ, ಆ ಜಾಗದ ಮೇಲೆ ಮಲಗಿಸದೇ ಇರೋದೇ ಮೊದಲ ಚಿಕಿತ್ಸೆ.

ಜೋಮು ಯಾವಾಗ ಹೋಗುತ್ತೆ?

ಬರೀ ಮರಗಟ್ಟಿದ್ದು, ಶಕ್ತಿ ಇದೆ ಅಂದ್ರೆ ಹೆಚ್ಚಿನವು ದಿನಗಳಲ್ಲಿ, ವಾರಗಳಲ್ಲಿ ಇಳಿಯುತ್ತೆ. ಕೈ ಜೋತುಬಿದ್ದಿದೆ, ಪಾದ ಎತ್ತೋಕಾಗ್ತಿಲ್ಲ ಅಂದ್ರೆ ನರರೋಗ ತಜ್ಞರಿಗೆ ತೋರಿಸಬೇಕು. ನರದ ಕರೆಂಟ್ ಟೆಸ್ಟ್ ಅಂತ ಮಾಡ್ತಾರೆ, ಏಟಾದ ಎರಡು ಮೂರು ವಾರದ ಮೇಲೆ ಮಾಡಿದ್ರೆ ಚಿತ್ರ ಸ್ಪಷ್ಟ ಸಿಗೋದು, ಹಾಗಂತ ಮೊದಲ ವಾರ ಮಾಡಿಸಿದ್ದು ವೇಸ್ಟ್ ಅಲ್ಲ, ಹಳೇ ತೊಂದರೆ ಮುಂಚೇನೇ ಇತ್ತಾ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಕಣ್ಣು ಮಂಜು, ಕಾಲು ಗಟ್ಟಿ, ಎರಡೂ ಕಾಲಿಗೆ ಶಕ್ತಿ ಇಲ್ಲ, ಮೂತ್ರ ನಿಂತಿದೆ, ಇವಕ್ಕೆ ಕಾಯಬೇಡಿ.

ಇದೆಲ್ಲ ಯಾರ ಜವಾಬ್ದಾರಿ?

ಸರ್ಜನ್ನು ಅನಸ್ತೇಶಿಯಾದವರ ಕಡೆ ತೋರಿಸ್ತಾರೆ, ಅವರು ನರ್ಸು ಕಡೆ, ನರ್ಸು ಟೆಕ್ನಿಷಿಯನ್ ಕಡೆ. ಟೇಬಲ್ ಸುತ್ತ ನಿಂತಿರೋ ಎಲ್ಲರದ್ದೂ. ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟ್ ಇದೆಯಲ್ಲ, 19 ಅಂಶದ್ದು, ಅದರಲ್ಲಿ ಭಂಗಿಗೆ ಅಂತ ಪ್ರತ್ಯೇಕ ಸಾಲಿಲ್ಲ, ಆದ್ರೆ ಆಸ್ಪತ್ರೆಗಳು ತಮಗೆ ಬೇಕಾದ್ದು ಸೇರಿಸ್ಕೊಳ್ಳಬಹುದು ಅಂತ ಅವರೇ ಹೇಳಿದಾರೆ. "ಕೈ, ಕಣ್ಣು, ಹಿಮ್ಮಡಿ ನೋಡಿದ್ವಾ" ಅಂತ ಒಂದು ಸಾಲು ಸೇರಿಸೋಕೆ ದುಡ್ಡು ಖರ್ಚಿಲ್ಲ. ಟೇಬಲ್ ವಾಲಿಸಿದಾಗಲೆಲ್ಲ ಮತ್ತೆ ನೋಡೋದೂ ಅದರಲ್ಲೇ ಬರಲಿ.

ಕೇಸ್ ಶೀಟಲ್ಲಿ "ಪೊಸಿಷನ್ ಕೊಡಲಾಗಿದೆ" ಅಂತ ಬರೆದ್ರೆ ಏನೂ ಬರೆದಂಗಲ್ಲ. ಯಾವ ಭಂಗಿ, ಕೈ ಎಷ್ಟು ಅಗಲ, ಎಲ್ಲೆಲ್ಲಿ ಪ್ಯಾಡು, ಎಷ್ಟು ಹೊತ್ತಿಗೆ ಯಾರು ನೋಡಿದ್ರು, ಹೊರಗೆ ಕಳಿಸುವಾಗ ಚರ್ಮ ಹೆಂಗಿತ್ತು, ಇದಿಷ್ಟು ಬೇಕು.

ಮನೆಯವರು ಆಪರೇಷನ್ ಹಿಂದಿನ ದಿನ ಏನು ಹೇಳಬೇಕು?

ಹೆಗಲು ಎಷ್ಟು ಏಳುತ್ತೆ, ಕತ್ತು ತಿರುಗುತ್ತಾ, ಕೈಕಾಲಲ್ಲಿ ಮುಂಚಿನಿಂದ ಜೋಮು ಇದೆಯಾ, ಹಳೇ ರಾಡು ಪ್ಲೇಟು ಎಲ್ಲಿ ಹಾಕಿದಾರೆ, ಮೈಮೇಲೆ ಎಲ್ಲಾದ್ರೂ ಹುಣ್ಣಿದೆಯಾ, ಎಷ್ಟು ದಿನದಿಂದ ಮಲಗೇ ಇದ್ರು, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತಾರೆ (ಚಪ್ಪಟೆ ಮಲಗಿದ್ರೆ ಉಸಿರು ಕಟ್ಟೋರು ಇರ್ತಾರೆ). ಸೊಸೆಗೆ ಗೊತ್ತಿರೋದು ಮಗನಿಗೆ ಗೊತ್ತಿರಲ್ಲ, ಸಹಿ ಹಾಕೋಕೆ ಬರೋನು ಮಗ. ಹಾಗಾಗಿ ದಿನಾ ನೋಡ್ಕೊಳ್ಳೋರೇ ಬಂದು ಹೇಳಿ.